ನಿಂಗೇನಪ್ಪ, ನೀನು ಲಕ್ಕಿ

2008ರ ಮಾರ್ಚ್. ಅದು ನನ್ನ ಮೊದಲ ಆನ್‌ಸೈಟ್. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ಲೈಂಟ್ ಆಫೀಸು. ಹೊರಗೆ ಹಿಮ ಬಿದ್ದು ರಸ್ತೆ ಬದಿಯೆಲ್ಲ ಗುಡ್ಡೆ ಗುಡ್ಡೆ. ಲಂಚ್ ರೂಮಿನಲ್ಲಿ ಕೂತು ಡಬ್ಬಿಯಲ್ಲಿದ್ದ ಪುಳಿಯೋಗರೆ ತಿನ್ನುತ್ತಿದ್ದೆ. ಟಿವಿಯಲ್ಲಿ ಬೆಳಗಿನಿಂದ ಒಂದೇ ಸುದ್ದಿ. ಜೆರಾಲ್ಡಿನ್ ಫೆರಾರೊ ಎಂಬ ಹಿರಿಯ ನಾಯಕಿ ಕ್ಯಾಲಿಫೋರ್ನಿಯಾದ ಒಂದು ಪತ್ರಿಕೆಯ ಹತ್ತಿರ ಬರಾಕ್ ಒಬಾಮ ಬಗ್ಗೆ ಆಡಿದ ಮಾತು. ಒಬಾಮ ಬಿಳಿಯನಾಗಿದ್ದರೆ ಇವತ್ತು ಈ ಜಾಗದಲ್ಲಿ ಇರುತ್ತಿರಲಿಲ್ಲ, ಯಾವ ಬಣ್ಣದ ಹೆಂಗಸಾಗಿದ್ದರೂ ಇರುತ್ತಿರಲಿಲ್ಲ, ತಾನು ಯಾರೋ ಅವನಾಗಿರುವುದೇ ಅವನ ಅದೃಷ್ಟ. ಇಷ್ಟು ಆ ಮಾತಿನ ಸಾರ.

ನನ್ನ ಎದುರಿಗೆ ಕೂತಿದ್ದವರು ಅರವತ್ತರ ಹತ್ತಿರದ ಬಿಳಿ ಹೆಂಗಸು. ನಮ್ಮ ಪ್ರಾಜೆಕ್ಟಿನ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದರು. ನಾನು ಬಂದ ಮೊದಲ ವಾರವೇ ತಮ್ಮ ಮಗನ ಹಳೇ ಚಳಿ ಕೋಟು ತಂದುಕೊಟ್ಟಿದ್ದರು. ಶನಿವಾರ ತಮ್ಮ ಕಾರಿನಲ್ಲಿ ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಹಿಲರಿ ಕ್ಲಿಂಟನ್ ಅಂದರೆ ಪ್ರಾಣ. ಅವರು ಟಿವಿ ಕಡೆ ಕೈ ತೋರಿಸಿ, "ಆಕೆ ಹೇಳಿದ್ದರಲ್ಲಿ ಸುಳ್ಳೇನಿದೆ, ನೀನೇ ಹೇಳು" ಅಂದರು.

"ಸುಳ್ಳೇನಿಲ್ಲ" ಅಂದೆ.

ಕೋಟು ಕೊಟ್ಟ ಋಣಕ್ಕೆ ಹಾಗಂದದ್ದಲ್ಲ. ನಿಜವಾಗಿಯೂ ನನಗೆ ಆ ಮಾತಿನಲ್ಲಿ ತಪ್ಪೇ ಕಾಣಲಿಲ್ಲ. ಯಾಕೆ ಕಾಣಲಿಲ್ಲ ಅನ್ನೋದು ಗೊತ್ತಾಗೋಕೆ ನನಗೆ ಬಹಳ ದಿನ ಹಿಡಿಯಿತು.

ಪ್ರೈಮರಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ಹೇಳುತ್ತೆ. ಅಲ್ಲಿ ಅದನ್ನ ಮತದಾರರೇ ತೀರ್ಮಾನ ಮಾಡುತ್ತಾರೆ, ಒಂದೊಂದೇ ರಾಜ್ಯದಲ್ಲಿ, ತಿಂಗಳುಗಟ್ಟಲೆ. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಕೆಟಿಗೆ ಜನವರಿಯಿಂದ ಜೂನ್‌ವರೆಗೆ ಒಬಾಮ ಮತ್ತು ಹಿಲರಿ ಹೀಗೆ ಗುದ್ದಾಡಿದರು. ಇಬ್ಬರದ್ದೂ ಒಂದೇ ಪಕ್ಷ, ಹೆಚ್ಚುಕಮ್ಮಿ ಒಂದೇ ಪ್ರಣಾಳಿಕೆ. ಆರೋಗ್ಯ ವಿಮೆಯ ವಿವರದಲ್ಲಿ, ಇರಾಕ್ ಯುದ್ಧದ ಹಳೇ ನಿಲುವಿನಲ್ಲಿ ವ್ಯತ್ಯಾಸ ಇತ್ತು. ಉಳಿದಂತೆ ಜಗಳಕ್ಕೆ ನೀತಿ ಸಿಗುವುದು ಕಷ್ಟ. ಆಗ ಉಳಿಯುವುದು 'ಇವನು ಯಾರು', 'ಇವಳು ಯಾರು' ಅನ್ನೋದೊಂದೇ. ಮನೆಯೊಳಗಿನ ಜಗಳದಲ್ಲಿ ಹುಟ್ಟು ಎತ್ತಿ ಆಡಿದ ಹಾಗೆ.

ಆಡಿದವರು ಕೂಡ ಮನೆಯವರೇ. ಇದೇ ನನ್ನನ್ನು ಈ ವಿಷಯದಲ್ಲಿ ಹಿಡಿದು ಕೂರಿಸಿದ್ದು. ಬಾಯಿಗೆ ಬಂದ ಹಾಗೆ ಬೈಯುವವರ ವಿಷಯ ಸುಲಭ. 2010ರಲ್ಲಿ ಸೌತ್ ಕ್ಯಾರೊಲಿನಾದ ರಿಪಬ್ಲಿಕನ್ ಪ್ರೈಮರಿಯಲ್ಲಿ ಪಂಜಾಬಿ ಸಿಖ್ಖರ ಮಗಳು ನಿಕ್ಕಿ ಹೇಲಿ ಗವರ್ನರ್ ಹುದ್ದೆಗೆ ನಿಂತಾಗ, ಅವರದೇ ಪಕ್ಷದ ಜೇಕ್ ನಾಟ್ಸ್ ಎಂಬ ಸೆನೆಟರ್ ಒಬಾಮನನ್ನೂ ಆಕೆಯನ್ನೂ ಸೇರಿಸಿ 'ತಲೆಗೆ ಚಿಂದಿ ಸುತ್ತಿಕೊಂಡವರು' ಅನ್ನುವ ಬೈಗುಳ ಬಳಸಿದ. ಅವನ ಜಿಲ್ಲೆಯ ಪಕ್ಷವೇ ಅವನನ್ನು ಖಂಡಿಸಿತು. ಅದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಆದರೆ ಫೆರಾರೊ ಅಂಥವರಲ್ಲ. ಹಗಲು ಸ್ಕೂಲಿನಲ್ಲಿ ಪಾಠ ಮಾಡಿ, ರಾತ್ರಿ ಕಾಲೇಜಿನಲ್ಲಿ ಕಾನೂನು ಓದಿದಾಕೆ. 1984ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು, ಅಮೆರಿಕದ ದೊಡ್ಡ ಪಕ್ಷವೊಂದರಿಂದ ಆ ಟಿಕೆಟ್ ಪಡೆದ ಮೊದಲ ಮಹಿಳೆ ಅನ್ನಿಸಿಕೊಂಡವರು. ಹೆಂಗಸು ಅನ್ನೋ ಕಾರಣಕ್ಕೆ ಏನೇನು ಕೇಳಿಸಿಕೊಳ್ಳಬೇಕೋ ಎಲ್ಲಾ ಕೇಳಿಸಿಕೊಂಡವರು. ಇಂಥವರ ಬಾಯಲ್ಲಿ ಆ ಮಾತು ಯಾಕೆ ಬಂತು?

ಅದಕ್ಕೆ ಮೊದಲು, ಆ ವರ್ಷದ ಎಲ್ಲಾ ಮಾತನ್ನೂ ಒಂದೇ ತಕ್ಕಡಿಗೆ ಹಾಕಬಾರದು ಅಂತ ನನ್ನ ಅಭಿಪ್ರಾಯ. ಜನವರಿಯಲ್ಲಿ ಹಿಲರಿ, ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸು ನನಸಾಗತೊಡಗಿದ್ದು ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ನಾಗರಿಕ ಹಕ್ಕು ಕಾಯ್ದೆ ಮಾಡಿದಾಗ, ಅದಕ್ಕೆ ಒಬ್ಬ ಅಧ್ಯಕ್ಷ ಬೇಕಾಯಿತು ಅಂದಿದ್ದರು. ಕಿಂಗ್ ಅವರನ್ನು ಸಣ್ಣದು ಮಾಡಿದರು ಅಂತ ಗಲಾಟೆ ಆಯಿತು. ಹೇಳಿದ ರೀತಿ ಒರಟಾಗಿತ್ತು, ನಿಜ. ಆದರೂ ಅದು ಚಳವಳಿ ದೊಡ್ಡದೋ ಕಾನೂನು ದೊಡ್ಡದೋ ಅನ್ನುವ ವಾದ. ವಾದಕ್ಕೆ ವಾದದಿಂದ ಉತ್ತರ ಕೊಡಬಹುದು. ಬಿಲ್ ಕ್ಲಿಂಟನ್ 'ಕಾಗಕ್ಕ ಗುಬ್ಬಕ್ಕನ ಕಥೆ' ಅನ್ನೋ ಅರ್ಥದಲ್ಲಿ ಹೇಳಿದ್ದೂ ಒಬಾಮನ ಇರಾಕ್ ನಿಲುವಿನ ಬಗ್ಗೆ. ಅದನ್ನು ಕರಿಯನೊಬ್ಬನ ಇಡೀ ಉಮೇದುವಾರಿಕೆಯೇ ಕಟ್ಟುಕಥೆ ಅಂದರು ಅಂತ ತಿರುಗಿಸಿದವರಿದ್ದರು. ಅದು ನ್ಯಾಯ ಅಲ್ಲ.

ಆದರೆ ಜನವರಿ 26ರ ಮಾತು ಬೇರೆ. ಅವತ್ತು ಸೌತ್ ಕ್ಯಾರೊಲಿನಾದಲ್ಲಿ ಒಬಾಮನಿಗೆ 55% ಮತ, ಹಿಲರಿಗೆ ಅದರ ಅರ್ಧ. ಒಬಾಮನನ್ನು ಸೋಲಿಸೋಕೆ ಗಂಡ ಹೆಂಡತಿ ಇಬ್ಬರೂ ಬೇಕಾಯಿತಾ ಅಂತ ವರದಿಗಾರರು ಬಿಲ್ ಕ್ಲಿಂಟನ್ ಅವರನ್ನು ಕೇಳಿದರು. ಅವರು ಕೊಟ್ಟ ಉತ್ತರ, ಜೆಸ್ಸಿ ಜಾಕ್ಸನ್ ಕೂಡ '84ರಲ್ಲಿ, '88ರಲ್ಲಿ ಇಲ್ಲಿ ಗೆದ್ದಿದ್ದರು. ಯಾರೂ ಜಾಕ್ಸನ್ ಹೆಸರು ಎತ್ತಿರಲಿಲ್ಲ. ಮಾತು ಸುಳ್ಳಲ್ಲ, ಜಾಕ್ಸನ್ ಗೆದ್ದಿದ್ದು ಹೌದು. ಆದರೆ 2004ರಲ್ಲಿ ಅಲ್ಲಿ ಗೆದ್ದಿದ್ದು ಜಾನ್ ಎಡ್ವರ್ಡ್ಸ್, ಅವತ್ತಿನ ಸ್ಪರ್ಧೆಯಲ್ಲೂ ಅವರಿದ್ದರು. 1992ರಲ್ಲಿ ಗೆದ್ದಿದ್ದು ಸ್ವತಃ ಬಿಲ್ ಕ್ಲಿಂಟನ್. ಹೋಲಿಸೋಕೆ ಇಷ್ಟು ಜನ ಇದ್ದರೂ ಬಾಯಿಗೆ ಬಂದ ಹೆಸರು ಇನ್ನೊಬ್ಬ ಕರಿಯನದ್ದು, ಕೊನೆಗೆ ಟಿಕೆಟ್ ಸಿಗದವನದ್ದು. ಕರಿಯರು ಕರಿಯನಿಗೆ ಹಾಕಿದ್ದಾರೆ, ಇದರಲ್ಲೇನು ದೊಡ್ಡಸ್ತಿಕೆ ಅಂತ ಕೇಳುವವರಿಗೆ ಕೇಳಿಸುವ ಹಾಗೆ.

ನಮ್ಮೂರಲ್ಲಿ ಚುನಾವಣೆ ಮಾರನೇ ದಿನ ಅರಳಿಕಟ್ಟೆ ಮೇಲೆ ಇದೇ ಮಾತು ಕೇಳಿ ಬೆಳೆದವನು ನಾನು. 'ಅವರವರು ಅವರವರಿಗೆ ಹಾಕ್ಕೊಂಡ್ರು.' ಯಾವಾಗಲೂ ಇನ್ನೊಬ್ಬರ ಕೇರಿ ಬಗ್ಗೆ. ನಮ್ಮ ಕೇರಿಯವರು ನಮ್ಮವನಿಗೆ ಹಾಕಿದರೆ ಅದು ಅಭಿವೃದ್ಧಿಗೆ ಹಾಕಿದ ಮತ.

ಅಲ್ಲಿಗೆ ಮೂರು ವಾರ ಮೊದಲು ಒಬಾಮ ಅಯೋವಾದಲ್ಲಿ ಗೆದ್ದಿದ್ದ. ಅಲ್ಲಿ 90%ಗಿಂತ ಹೆಚ್ಚು ಜನ ಬಿಳಿಯರು. ಮನೆಮನೆಗೆ ಹುಡುಗರನ್ನು ಕಳಿಸಿ, ಊರೂರಲ್ಲಿ ಆಫೀಸು ತೆಗೆದು, ತಿಂಗಳುಗಟ್ಟಲೆ ದುಡಿದು ಗೆದ್ದಿದ್ದು. ಆ ದುಡಿಮೆಗೆ ಜಾಕ್ಸನ್ ಮಾತಿನಲ್ಲಿ ಜಾಗ ಇಲ್ಲ. ಫೆರಾರೊ ಮಾತಿನಲ್ಲೂ ಇಲ್ಲ. ನನಗೆ ಕೊನೆಗೆ ಹೊಳೆದದ್ದು ಹೈಸ್ಕೂಲಿನ ವ್ಯಾಕರಣ. 'ಅವನು ಲಕ್ಕಿ' ಅನ್ನೋ ವಾಕ್ಯ ಕನ್ನಡದಲ್ಲಿ ಬರೆದು ನೋಡಿ. ಕ್ರಿಯಾಪದವೇ ಇಲ್ಲ! ಅವನು ಏನೂ ಮಾಡಲಿಲ್ಲ, ಸುಮ್ಮನೆ ಅವನಾಗಿದ್ದಾನೆ. ಇನ್ನೊಬ್ಬರ ಕೆಲಸವನ್ನು ಅಳಿಸಿ ಆ ಜಾಗದಲ್ಲಿ ಅವರ ಹುಟ್ಟನ್ನು ಕೂರಿಸುವ ಮಾತು ಇದು. ದ್ವೇಷ ಇರಬೇಕು ಅಂತೇನಿಲ್ಲ. ಎಷ್ಟೋ ಸಲ ಬರೀ ಹೊಟ್ಟೆ ಉರಿ ಸಾಕು.

ಹೊಗಳಿಕೆಯಲ್ಲೂ ಇದೇ ಆಗುತ್ತೆ. 2007ರ ಜನವರಿಯಲ್ಲಿ, ತಾವೂ ಸ್ಪರ್ಧಿಸುತ್ತೇನೆ ಅಂತ ಘೋಷಿಸಿದ ದಿನವೇ ಜೋ ಬೈಡನ್ ಆಡಿದ ಮಾತು ಹೊರಗೆ ಬಂತು. ಒಬಾಮ ಮುಖ್ಯವಾಹಿನಿಯ ಮೊದಲ ಕರಿಯ, ಚೆನ್ನಾಗಿ ಮಾತಾಡುತ್ತಾನೆ, ಚುರುಕು, ಕ್ಲೀನಾಗಿದ್ದಾನೆ, ನೋಡೋಕೂ ಚೆಂದ ಅಂತ. ಒಬಾಮ ತನಗೆ ಬೇಜಾರಿಲ್ಲ ಅಂದರೂ ಒಂದು ಮಾತು ಸೇರಿಸಿದ. ಜೆಸ್ಸಿ ಜಾಕ್ಸನ್, ಶರ್ಲಿ ಚಿಸಮ್, ಕ್ಯಾರಲ್ ಮೋಸ್ಲಿ ಬ್ರೌನ್, ಅಲ್ ಶಾರ್ಪ್ಟನ್ ಇವರೆಲ್ಲ ಹಿಂದೆ ಸ್ಪರ್ಧಿಸಿದವರು, ಇವರಿಗೆ ಮಾತು ಬರುತ್ತಿರಲಿಲ್ಲ ಅಂತ ಯಾರೂ ಹೇಳೋಕಾಗಲ್ಲ ಅಂತ.

ಇದು ನನಗೆ ಅರ್ಥ ಆಗಿದ್ದು ಅದೇ ಲಂಚ್ ರೂಮಿನಲ್ಲಿ. ಕೋಟು ಕೊಟ್ಟ ಅಮ್ಮ ಒಂದಿನ ಪ್ರೀತಿಯಿಂದಲೇ ಹೇಳಿದರು, "ನೀನು ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತೀಯ, ಎಷ್ಟು ನೀಟಾಗಿರ್ತೀಯ. ಹಿಂದೆ ಬಂದಿದ್ದ ನಿಮ್ಮವನ ಥರ ಅಲ್ಲ." ನನಗೆ ಖುಷಿಯಾಯಿತು. ಹಳ್ಳಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ ಕಲಿತವನಿಗೆ ಖುಷಿಯಾಗದೆ ಇರುತ್ತಾ? ಸೀಟಿಗೆ ವಾಪಸ್ ಬಂದು ಕೋಡ್ ತೆಗೆದೆ. ಆ 'ಹಿಂದಿನವನು' ಬರೆದಿದ್ದ ಕೋಡ್ ಅದು. ಒಂದೊಂದು ಫಂಕ್ಷನ್ನೂ ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ನಾನು ಅದನ್ನು ನೋಡಿಯೇ ಕೆಲಸ ಕಲಿತೆ. ನನಗೆ ಸಿಕ್ಕ ಹೂವಿನ ಹಾರ ಅವನ ಬೆನ್ನ ಮೇಲಿನ ಬಾಸುಂಡೆಯಾಗಿತ್ತು. ಹಾರ ಹಾಕಿಸಿಕೊಂಡು ನಕ್ಕು ಬಂದಿದ್ದೆ.

ಒಬಾಮನ ಕಡೆಯವರೇನೂ ಸಾಚಾ ಅಲ್ಲ. 2007ರ ಜೂನ್‌ನಲ್ಲಿ ಅವರ ಪ್ರಚಾರ ತಂಡ ವರದಿಗಾರರಿಗೆ ಗುಟ್ಟಾಗಿ ಹಂಚಿದ ಕಾಗದವೊಂದು ಬಯಲಾಯಿತು. ಹಿಲರಿಯ ಹೆಸರಿನ ಮುಂದೆ ಆಕೆಯ ರಾಜ್ಯದ ಬದಲು 'ಪಂಜಾಬ್' ಅಂತ ಬರೆದಿದ್ದರು. ಕ್ಲಿಂಟನ್ ದಂಪತಿಗೆ ಭಾರತದ ಕಂಪನಿಯಲ್ಲಿ ಹೂಡಿಕೆ ಇದೆ, ಭಾರತೀಯರಿಂದ ದುಡ್ಡೆತ್ತುತ್ತಾರೆ, ಔಟ್‌ಸೋರ್ಸಿಂಗ್ ಪರ ಇದ್ದಾರೆ ಅಂತ ಒಳಗೆ ವಿವರ. ಪಂಜಾಬ್ ಅನ್ನೋದು ಹಿಲರಿಯೇ ಹಿಂದೆ ಮಾಡಿದ್ದ ತಮಾಷೆ, ಆದರೆ ಇಲ್ಲಿ ಅದು ತಮಾಷೆಯಾಗಿರಲಿಲ್ಲ. ಅಲ್ಲಿನ ಭಾರತೀಯರು ಸಿಟ್ಟಾದರು. ಒಬಾಮ ಅದನ್ನು ಮೂರ್ಖ ತಪ್ಪು ಅಂತ ಒಪ್ಪಿಕೊಂಡ. ಒಹಾಯೊದಲ್ಲಿ ಕೂತು ಅದನ್ನು ಓದಿದಾಗ ನನಗೆ ವಿಚಿತ್ರ ಅನ್ನಿಸ್ತು. ಆ ಕಾಗದದಲ್ಲಿ ಹೆಸರಿಲ್ಲದ ಖಳನಾಯಕ ಇದ್ದನಲ್ಲ, ಅಮೆರಿಕನ್ನರ ಕೆಲಸ ತಗೊಂಡು ಹೋಗುವವನು, ಅದು ನಾನೇ. ಅಲ್ಲೂ ನನಗೆ ಕ್ರಿಯಾಪದ ಇರಲಿಲ್ಲ. ಅಪ್ಪ ತೆಂಗಿನಕಾಯಿ ಮಾರಿ ಫೀಸು ಕಟ್ಟಿದ್ದು, ನಾನು ರಾತ್ರಿಯೆಲ್ಲ ಎಚ್ಚರ ಇದ್ದು ಪ್ರೊಡಕ್ಷನ್ ಸಮಸ್ಯೆ ಬಿಡಿಸಿದ್ದು ಯಾವುದೂ ಇಲ್ಲ. ನಾನು ಬರೀ ಅಗ್ಗದ ಇಂಡಿಯನ್.

ಮೇ ಹೊತ್ತಿಗೆ ಹಿಲರಿ ಪತ್ರಿಕೆಯೊಂದಕ್ಕೆ, ಕಷ್ಟಪಟ್ಟು ದುಡಿಯುವ ಅಮೆರಿಕನ್ನರು, ಬಿಳಿ ಅಮೆರಿಕನ್ನರು ಒಬಾಮನಿಂದ ದೂರ ಸರಿಯುತ್ತಿದ್ದಾರೆ ಅಂದರು. ಒಂದು ಸುದ್ದಿಸಂಸ್ಥೆಯ ವರದಿಯನ್ನು ಆಧಾರ ಮಾಡಿಕೊಂಡು ಹೇಳಿದ್ದು. ಇದು ಇನ್ನೊಂದು ಜಾತಿಯ ಮಾತು. 'ನನಗೇನೂ ಭೇದ ಇಲ್ಲಪ್ಪ, ಆದರೆ ಜನ ಒಪ್ಪಲ್ಲ.' ಸೈಟು ಕೊಳ್ಳುವಾಗ, ಬಾಡಿಗೆಗೆ ಮನೆ ಕೇಳುವಾಗ ಬೆಂಗಳೂರಿನಲ್ಲಿ ನಾವೂ ಕೇಳಿದ್ದೇವೆ. 'ನಮಗೇನಿಲ್ಲ, ಓನರ್ ಸ್ವಲ್ಪ ಆಚಾರದವರು.' ಭೇದ ಮಾಡುವ ಆ 'ಜನ' ಯಾವತ್ತೂ ನಮ್ಮ ಎದುರಿಗೆ ಇರುವುದಿಲ್ಲ. ಅವರ ಪರವಾಗಿ ಮಾತಾಡುವ ಒಳ್ಳೆಯವರು ಮಾತ್ರ ಸಿಗುತ್ತಾರೆ.

ಈಗ ಫೆರಾರೊಗೆ ಬರೋಣ. ಗಲಾಟೆ ಜೋರಾದಾಗ ಅವರು ಹಿಲರಿಯ ಹಣಕಾಸು ಸಮಿತಿ ಬಿಟ್ಟರು, ಆದರೆ ಮಾತು ಬಿಡಲಿಲ್ಲ. ನಾನು ಬಿಳಿಯಳು ಅಂತ ನನ್ನ ಮೇಲೆ ಬೀಳುತ್ತಿದ್ದಾರೆ ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. 1984ರಲ್ಲಿ ನನ್ನ ಹೆಸರು ಜೆರಾಲ್ಡಿನ್ ಬದಲು ಜೆರಾರ್ಡ್ ಆಗಿದ್ದರೆ ನನ್ನನ್ನೂ ಆರಿಸುತ್ತಿರಲಿಲ್ಲ ಅಂತ. ಗಂಡಸಾಗಿದ್ದರೆ ಆ ಟಿಕೆಟ್ ಸಿಗುತ್ತಿರಲಿಲ್ಲ ಅಂತ ಅರ್ಥ. ತಮ್ಮ ಮಾತು ನ್ಯಾಯವಾದದ್ದು ಅಂತ ತೋರಿಸೋಕೆ ಅವರು ಇದನ್ನು ಹೇಳಿದ್ದು. ನನಗೆ ಅದನ್ನು ಓದಿ ಸಂಕಟ ಆಯಿತು. ರಾತ್ರಿ ಕಾಲೇಜು, ಸಂಸತ್ತಿನ ಮೂರು ಅವಧಿ ಎಲ್ಲವನ್ನೂ ಆಕೆ ತಾನೇ ಅಳಿಸಿ ಹಾಕಿದ್ದರು. 24 ವರ್ಷ ಜನ ತನ್ನ ಬಗ್ಗೆ ಆಡಿದ ಮಾತನ್ನು ಸತ್ಯ ಅಂತ ಒಪ್ಪಿಕೊಂಡು, ಅದನ್ನೇ ತಗೊಂಡು ಇನ್ನೊಬ್ಬನಿಗೆ ಹೊಡೆದಿದ್ದರು.

ಅಲ್ಲಿಗೆ ನನ್ನ ಕಥೆಯೂ ಬಂತು.

2005. ಬಿಇ ಕೊನೇ ವರ್ಷ, ಹಾಸ್ಟೆಲ್. ನನ್ನ ರೂಮ್‌ಮೇಟ್ ಚಳ್ಳಕೆರೆ ಕಡೆಯವನು, ಪರಿಶಿಷ್ಟ ಜಾತಿಯವನು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅವನಿಗೆ ಕೆಲಸ ಸಿಕ್ಕಿತು, ನನಗೆ ಟೆಕ್ನಿಕಲ್ ರೌಂಡಿನಲ್ಲಿ ಹೋಯಿತು. ಅವತ್ತು ರಾತ್ರಿ ಮೆಸ್‌ನಲ್ಲಿ ಎಲ್ಲರ ಮುಂದೆ ನಾನು ಅಂದೆ, "ನಿಂಗೇನಪ್ಪ, ನೀನು ಲಕ್ಕಿ. ಎಲ್ಲಾ ಕಡೆ ಕೋಟಾ ಇರುತ್ತೆ."

ಅದು ಖಾಸಗಿ ಕಂಪನಿ. ಅಲ್ಲಿ ಕೋಟಾನೇ ಇರಲಿಲ್ಲ. ನನಗೂ ಗೊತ್ತಿತ್ತು, ಮೆಸ್‌ನಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ನಾಲ್ಕು ಜನ ನಕ್ಕರು. ಅವನೂ ನಕ್ಕ. "ಲಿಂಕ್ಡ್ ಲಿಸ್ಟ್ ರಿವರ್ಸ್ ಮಾಡು ಅಂದ್ರು ಕಣೋ. ಅದ್ರಲ್ಲಿ ಕೋಟಾ ಎಲ್ ಬರುತ್ತೆ?" ಅಂದು ತಟ್ಟೆ ಎತ್ತಿಕೊಂಡು ನಲ್ಲಿ ಕಡೆ ಹೋದ. ತಟ್ಟೆಯಲ್ಲಿ ಇನ್ನೂ ಅನ್ನ ಇತ್ತು.

ಈಗ ನನ್ನ 'ಜೆರಾರ್ಡ್' ಮಾತು ಹೇಳಬೇಕು. ನನಗೆ ಆ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದ್ದು ಗ್ರಾಮೀಣ ಕೋಟಾದಲ್ಲಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದಾನೆ ಅಂತ ಹೆಡ್‌ಮಾಸ್ಟರ್ ಕೊಟ್ಟ ಸರ್ಟಿಫಿಕೇಟಿಗೆ ಬಿಇಓ ಸಹಿ ಹಾಕಿಸೋಕೆ ಅಪ್ಪ ಎರಡು ದಿನ ಓಡಾಡಿದ್ದರು. ನಾಲ್ಕು ವರ್ಷದಲ್ಲಿ ಒಬ್ಬನೂ ನನಗೆ 'ನೀನು ಲಕ್ಕಿ' ಅನ್ನಲಿಲ್ಲ. ಹಳ್ಳಿಯಿಂದ ಬಂದು ಎಷ್ಟು ಕಷ್ಟಪಟ್ಟಿದ್ದಾನೆ ನೋಡು ಅಂದರು. ನನ್ನ ಕೋಟಾಕ್ಕೆ ಒಂದು ಕಥೆ ಇತ್ತು, ಕ್ರಿಯಾಪದಗಳಿದ್ದವು. ಅವನ ಕೋಟಾಕ್ಕೆ ಇದ್ದದ್ದು ಜಾತಿ ಮಾತ್ರ. ಒಹಾಯೊದಲ್ಲಿ ಫೆರಾರೊ ಮಾತು ಸರಿ ಅನ್ನಿಸಿದ್ದು ಇದಕ್ಕೇ. ಅದು ನನ್ನದೇ ಮಾತು, ಇಂಗ್ಲಿಷಿನಲ್ಲಿ ಇತ್ತು ಅಷ್ಟೇ.

ಹಾಗಾದರೆ ಇಂಥ ಮಾತಾಡಿದವರನ್ನ ಏನು ಮಾಡೋದು? ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮ ಮಾಡಿದ ಭಾಷಣ ಈ ಪ್ರಶ್ನೆಯ ಬಗ್ಗೆಯೇ. ಅವನ ಚರ್ಚಿನ ಪಾದ್ರಿ ಜೆರೆಮಯಾ ರೈಟ್ ಅಮೆರಿಕವನ್ನು ಶಪಿಸಿ ಮಾತಾಡಿದ್ದು ಟಿವಿಯಲ್ಲಿ ಬಂದು ದೊಡ್ಡ ರಾದ್ಧಾಂತ ಆಗಿತ್ತು. ಒಬಾಮ ಆ ಮಾತನ್ನು ಖಂಡಿಸಿದ, ಮನುಷ್ಯನನ್ನು ಕೈಬಿಡಲ್ಲ ಅಂದ. ತನ್ನನ್ನು ಸಾಕಿದ ಬಿಳಿ ಅಜ್ಜಿಯ ಉದಾಹರಣೆ ಕೊಟ್ಟ. ರಸ್ತೆಯಲ್ಲಿ ಕರಿಯರು ಎದುರಾದರೆ ಭಯ ಆಗುತ್ತೆ ಅಂತ ಒಮ್ಮೆ ಒಪ್ಪಿಕೊಂಡ ಅಜ್ಜಿ, ಮೊಮ್ಮಗ ಮುದುರಿಕೊಳ್ಳುವಂಥ ಮಾತು ಆಡಿದ್ದ ಅಜ್ಜಿ, ಜಗತ್ತಿನಲ್ಲಿ ಬೇರೆ ಯಾರಿಗಿಂತಲೂ ಅವನನ್ನು ಪ್ರೀತಿಸಿದ ಅಜ್ಜಿ.

ನನ್ನಜ್ಜಿ ನೆನಪಾದಳು. ಹಸಿದು ಬಂದ ಯಾರನ್ನೂ ಬರಿಗೈಲಿ ಕಳಿಸಿದವಳಲ್ಲ. ಆದರೆ ತೋಟದ ಕೆಲಸಕ್ಕೆ ಬರುವವರ ಕಾಫಿ ಲೋಟ ಕೊಟ್ಟಿಗೆ ಸೂರಿನಲ್ಲಿ ಬೇರೆ ಸಿಕ್ಕಿಸಿಡುತ್ತಿದ್ದಳು. ಆ ಕಾಫಿಗೆ ಅವಳು ಸಕ್ಕರೆ ಕಮ್ಮಿ ಹಾಕುತ್ತಿರಲಿಲ್ಲ. ಎರಡೂ ಅವಳೇ.

ನಾವು ಇಂಥ ಹೊತ್ತಲ್ಲಿ ಕೇಳೋ ಪ್ರಶ್ನೆ 'ಅವರು ರೇಸಿಸ್ಟಾ?' 'ಅವನು ಜಾತಿವಾದಿನಾ?' ಅಂತ. ಹಾಗೆ ಕೇಳಿದ ತಕ್ಷಣ ವಿಷಯ ಅವರ ಗುಣದ ಕಡೆ ತಿರುಗುತ್ತೆ. ಅವರು ಮಾಡಿದ ಉಪಕಾರದ ಪಟ್ಟಿ ಹೊರಗೆ ಬರುತ್ತೆ, ಫೆರಾರೊ ಹಾಗೆ ಅವರೇ ಗಾಯಗೊಂಡವರಾಗುತ್ತಾರೆ. ಮಾತು ಬಿದ್ದವನನ್ನು ಎಲ್ಲರೂ ಮರೆಯುತ್ತಾರೆ. ನಮ್ಮ ಕೆಲಸದಲ್ಲಿ ಬಗ್ ಸಿಕ್ಕರೆ ಡೆವಲಪರ್ ಒಳ್ಳೆಯವನೋ ಕೆಟ್ಟವನೋ ಅಂತ ಮೀಟಿಂಗ್ ಮಾಡಲ್ಲ. ಯಾವ ಸಾಲು, ಏನು ಕೆಡಿಸಿತು, ಯಾರಿಗೆ ತೊಂದರೆ ಆಯಿತು ಅಂತ ನೋಡುತ್ತೇವೆ. ಮಾತಿಗೂ ಅಷ್ಟೇ ಸಾಕು ಅಂತ ಬಹಳ ದಿನ ನಂಬಿದ್ದೆ.

ಪೂರ್ತಿ ಸಾಕಾಗಲ್ಲ. ಕೆಲವು ಬಗ್ ತಪ್ಪಿ ಬರುವುದಲ್ಲ, ಲೆಕ್ಕ ಹಾಕಿ ಬರೆದದ್ದು. ಜಾಕ್ಸನ್ ಹೆಸರು ಸುಮ್ಮನೆ ಬಾಯಿಗೆ ಬಂತು ಅಂತ ನನಗೆ ಇವತ್ತಿಗೂ ಅನ್ನಿಸಲ್ಲ. ಕೈಬಿಡದೆ ಇರೋದಕ್ಕೂ ಒಂದು ಮಿತಿ ಇದೆ. ರೈಟ್ ಮತ್ತೆ ಮತ್ತೆ ಅದನ್ನೇ ಸಮರ್ಥಿಸಿಕೊಂಡಾಗ ಏಪ್ರಿಲ್ ಕೊನೆಗೆ ಒಬಾಮನೂ ಸಂಬಂಧ ಕಡಿದುಕೊಂಡ. ಅದೇ ಒಬಾಮ ಬೈಡನ್ ಅವರನ್ನು ಉಪಾಧ್ಯಕ್ಷ ಮಾಡಿಕೊಂಡ, ಹಿಲರಿಯನ್ನು ವಿದೇಶಾಂಗ ಮಂತ್ರಿ ಮಾಡಿದ. ರಾಜಕೀಯ ಲೆಕ್ಕ ಇತ್ತು, ಇಲ್ಲ ಅನ್ನಲ್ಲ. ಆದರೆ ಕ್ಷಮಿಸೋದೋ ಬಿಡೋದೋ, ಆ ತೀರ್ಮಾನ ಮಾತು ಬಿದ್ದವನ ಕೈಯಲ್ಲಿತ್ತು. ಮಾತಾಡಿದವರ ಕೈಯಲ್ಲಲ್ಲ.

ಹೋದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಮೀಸಲಾತಿ ಡಾಕ್ಟರ್ ಬಗ್ಗೆ ಒಂದು ಜೋಕ್ ಫಾರ್ವರ್ಡ್ ಮಾಡಿದ. ನಗುವ ಎಮೋಜಿಗಳು ಸಾಲಾಗಿ ಬಿದ್ದವು. ಅರ್ಧ ಗಂಟೆ ಆದಮೇಲೆ ನನ್ನ ರೂಮ್‌ಮೇಟ್ ಒಂದು ಮಾತೂ ಆಡದೆ ಗ್ರೂಪ್ ಬಿಟ್ಟ. ಎರಡು ದಿನ ಬಿಟ್ಟು ಫೋನ್ ಮಾಡಿದೆ. ಮೆಸ್‌ನಲ್ಲಿ ಅಂದ ಮಾತಿಗೆ ಎಷ್ಟೋ ವರ್ಷದ ಮೇಲೆ ಸಾರಿ ಕೇಳಿದೆ.

"ಯಾವ ಮಾತು?" ಅಂದ. ಹೇಳಿದೆ.

"ನೆನಪಿಲ್ಲ ಕಣೋ. ಅದನ್ನ ಅಂದೋರಲ್ಲಿ ನೀನು ಎಷ್ಟನೆಯವನು ಅಂತ ಎಲ್ ಲೆಕ್ಕ ಇಡ್ಲಿ?" ನಕ್ಕ. ಆಮೇಲೆ ಕೇಳಿದ, "ಅದಿರ್ಲಿ. ಮೊನ್ನೆ ಗ್ರೂಪಲ್ಲಿ ನೀನೂ ಇದ್ಯಲ್ಲ. ಏನಂದೆ?"

ನಾನು ಏನೂ ಅಂದಿರಲಿಲ್ಲ. ಎಮೋಜಿ ಹಾಕಿರಲಿಲ್ಲ ಅನ್ನೋದನ್ನೇ ದೊಡ್ಡ ವಿಷಯ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಗ್ರೂಪಿನಲ್ಲಿ ಬರೆದೆ. ನಮ್ಮ ಕ್ಯಾಂಪಸ್‌ಗೆ ಬಂದ ಆ ಕಂಪನಿಯಲ್ಲಿ ಕೋಟಾ ಇರಲಿಲ್ಲ, ಅವನು ಕೋಡ್ ಬರೆದು ಕೆಲಸ ತಗೊಂಡ, ಕೋಟಾದಲ್ಲಿ ಸೀಟು ತಗೊಂಡಿದ್ದು ನಾನೂ ಹೌದು ಅಂತ. ಬಹಳ ಹೊತ್ತು ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಒಬ್ಬ, "ಗುರು, ಜೋಕ್ ಕಣೋ, ಸೀರಿಯಸ್ ಆಗ್ಬೇಡ" ಅಂದ. ಇನ್ನೊಬ್ಬ ಯಾರದೋ ಬರ್ತ್‌ಡೇಗೆ ಕೇಕ್ ಚಿತ್ರ ಹಾಕಿದ.

ವಾಪಸ್ ಗ್ರೂಪಿಗೆ ಬಾ ಅಂತ ಅವನಿಗೆ ನಾನು ಹೇಳಿಲ್ಲ. ಒಹಾಯೊದ ಕೋಟು ಇನ್ನೂ ನನ್ನ ಬೀರುವಿನಲ್ಲಿದೆ.